ಗಡಿ ಮುಟ್ಟಿದ ಬೆಲ್ಲ

ಅಳಬೇಕಾದವನು ಕೊಬ್ಬರಿ ಮಿಠಾಯಿ ಹಂಚುತ್ತಿದ್ದ. ಕೆಂಪಣ್ಣನಿಗೆ ಅನುಮಾನ ಹುಟ್ಟಿದ್ದೇ ಅಲ್ಲಿ.

ತೊಣ್ಣೂರಿನ ಕೆಂಪಣ್ಣನ ಬೆಲ್ಲಕ್ಕೆ ಭೂಮಂಡಲದಲ್ಲಿ ಸಾಟಿ ಇರಲಿಲ್ಲ. ಅವನ ಆಲೆಮನೆಯ ಕೊಪ್ಪರಿಗೆ ಕುದಿಯಲು ಹತ್ತಿದರೆ ನಾಗಮಂಗಲದ ಇರುವೆಗಳು ಗಂಟುಮೂಟೆ ಕಟ್ಟುತ್ತಿದ್ದವು. ಕೆ.ಆರ್.ಪೇಟೆಯ ಜನ ಸಪ್ಪೆ ಕಾಫಿಯನ್ನು ಗಾಳಿಗೆ ಹಿಡಿದು ಸಿಹಿ ಮಾಡಿಕೊಂಡು ಕುಡಿಯುತ್ತಿದ್ದರು. ಅಂಥ ಬೆಲ್ಲಕ್ಕೂ ಸೇನೆಯ ಬಾಗಿಲು ಮುಚ್ಚಿತ್ತು. ಖರೀದಿ ನಿಯಮಗಳಲ್ಲಿ ಎತ್ತಿನ ಗಾಡಿ ಕಾಲದ ಒಂದು ಸಾಲಿತ್ತು: ಬೆಲ್ಲ ಕೊಡುವ ಆಲೆಮನೆ ರೈಲ್ವೆ ಸ್ಟೇಷನ್ನಿನಿಂದ ಐದು ಮೈಲಿಯೊಳಗೆ ಇರತಕ್ಕದ್ದು. ಎತ್ತು ಹೋಗಿ ಲಾರಿ ಬಂತು, ಮೈಲಿಯೇ ಸತ್ತು ಕಿಲೋಮೀಟರ್ ಹುಟ್ಟಿತು. ಆ ಸಾಲು ಮಾತ್ರ ಗುಂಡುಕಲ್ಲಿನಂತೆ ಕೂತಿತ್ತು.

ಪಾಂಡವಪುರ ಸ್ಟೇಷನ್ನಿನ ಪಕ್ಕದಲ್ಲೇ ಆಲೆಮನೆ ಇಟ್ಟವನು ಶಿವಲಿಂಗಯ್ಯ, ಕೆಂಪಣ್ಣನ ಹೆಂಡತಿ ಪುಟ್ಟತಾಯಮ್ಮನ ಅಣ್ಣ. ಹನ್ನೆರಡು ವರ್ಷದಿಂದ ಸೇನೆಗೆ ಹೋಗುತ್ತಿದ್ದದ್ದು ಅವನ ಬೆಲ್ಲ. ಮೊದಲ ಲಾರಿ ಹೊರಟ ದಿನ ಸಂತೆಯ ನಡುವೆ ನಿಂತು, "ಗಡಿ ಕಾಯೋರ ಮೈಯಲ್ಲಿ ಓಡಾಡೋದು ನನ್ ಬೆಲ್ಲ ಕಣ್ರಲಾ!" ಎಂದು ಸಾರಿದ್ದ.

ಆ ಮಾತು ಕೆಂಪಣ್ಣನ ಎದೆಗೆ ಮುಳ್ಳಾಯಿತು. ತನ್ನ ಬೆಲ್ಲವೂ ಗಡಿ ಮುಟ್ಟುವ ತನಕ ಭಾವನ ಹೊಸ್ತಿಲು ತುಳಿಯೆನೆಂದು ಶಪಥ ಮಾಡಿದ. ಹನ್ನೆರಡು ಗೌರಿ ಹಬ್ಬಕ್ಕೂ ಪುಟ್ಟತಾಯಮ್ಮ ಒಬ್ಬಳೇ ತವರಿನ ಬಸ್ಸು ಹತ್ತಿದಳು. ಅವನು ದಿಲ್ಲಿಗೆ ಬರೆದ ಅರ್ಜಿಗಳನ್ನು ಒಟ್ಟಿದ್ದರೆ ಕರಿಘಟ್ಟದ ಬೆಟ್ಟವೇ ಕತ್ತೆತ್ತಿ ನೋಡಬೇಕಿತ್ತು.

ಈ ವರ್ಷ ಹಳೆಯ ನಿಯಮಗಳನ್ನು ಜರಡಿ ಹಿಡಿದಾಗ ಐದು ಮೈಲಿಯ ಸಾಲು ಉದುರಿಹೋಯಿತು. ಸ್ಯಾಂಪಲ್ ಇನ್ನೂ ಪಾಸಾಗಿರಲಿಲ್ಲ. ಕೆಂಪಣ್ಣ ಆಗಲೇ ಶ್ರೀರಂಗಪಟ್ಟಣದ ಪೇಂಟರನ ಕೈಲಿ ಆಳೆತ್ತರದ ಬೋರ್ಡು ಬರೆಸಿ, ನಾಲ್ಕು ತಾಲ್ಲೂಕಿಗೆ ಊಟ ಸಾರಿಬಿಟ್ಟಿದ್ದ. ಈಗ ಫೇಲಾದರೆ ಊರು ಬಿಡುವುದೊಂದೇ ದಾರಿ.

ಇತ್ತ ಶಿವಲಿಂಗಯ್ಯ ಮಿಠಾಯಿ ಹಂಚಿ, ತೊಣ್ಣೂರಿಗೂ ಒಂದು ಡಬ್ಬಿ ಕಳಿಸಿದ.

"ಇದ್ರಲ್ಲೇನೋ ಐತೆ," ಎಂದ ಕೆಂಪಣ್ಣ. "ಅನ್ನ ಕಿತ್ಕೊಳಾಕೆ ಬಂದೋನಿಗೆ ಯಾವನಾದ್ರೂ ಮಿಠಾಯಿ ಕಳಿಸ್ತಾನಾ?"

"ನಮ್ಮಣ್ಣ ಅತ್ರೂ ನಿಮ್ಗಾಗಾಕಿಲ್ಲ, ನಕ್ರೂ ಆಗಾಕಿಲ್ಲ," ಎಂದಳು ಪುಟ್ಟತಾಯಮ್ಮ, ಮೂರನೇ ತುಂಡು ಬಾಯಿಗಿಟ್ಟುಕೊಳ್ಳುತ್ತ.

ಭಾವ ಬಂದು ಪಾಕಕ್ಕೆ ಏನಾದರೂ ಬೆರೆಸಿಯಾನೆಂದು ಕೆಂಪಣ್ಣ ಮೂರು ದಿನ ಕೊಪ್ಪರಿಗೆ ಬಿಟ್ಟು ಕದಲಲಿಲ್ಲ. ಮೀಸೆ ಬೆಲ್ಲದ ಬಣ್ಣಕ್ಕೆ ತಿರುಗಿತು.

ನಾಲ್ಕನೇ ದಿನ ಸೇನೆಯ ಜೀಪು ಬಂತು. ಅದರ ಬೆನ್ನಿಗೇ ಶಿವಲಿಂಗಯ್ಯನ ಮೊಪೆಡ್ಡು.

ಜೀಪಿನಿಂದ ಇಳಿದ ಕ್ಯಾಪ್ಟನ್ ರಘುನಂದನ್ ಡಾಕ್ಟರು. ಬೆಲ್ಲ ನೋಡಲು ಡಾಕ್ಟರನ್ನೇ ಕಳಿಸಿದ್ದಾರಲ್ಲ ಎಂದು ಕೆಂಪಣ್ಣನ ಕಣ್ಣು ತುಂಬಿತು. ಅವರು ಒಂದು ತುಂಡನ್ನು ಚಾಚಿದ ಅಂಗೈ ಮೇಲೆ ಇಟ್ಟುಕೊಂಡು ಮೂಸಿದರು.

"ಕೆಮಿಕಲ್ ಹಾಕಿಲ್ಲ ತಾನೆ? ಹೊಟ್ಟೆ ಕೆಟ್ಟರೆ ಬಾಯಿಬಿಟ್ಟು ಹೇಳೋದಿಲ್ಲ. ನಾವೇ ಕಂಡುಹಿಡೀಬೇಕು."

ಗಡಿ ಕಾಯುವವರೆಂದರೆ ಹಾಗೆಯೇ ಎಂದು ಕೆಂಪಣ್ಣ ಮನಸ್ಸಿನಲ್ಲೇ ಕೈಮುಗಿದ.

"ಹದಿನೈದು ಸಾವಿರ ಅಡಿ ಎತ್ತರ. ಬೆನ್ನ ಮೇಲೆ ಎಪ್ಪತ್ತು ಕೆಜಿ. ನಡುವೆ ಒಂದು ತುಂಡು ಬೆಲ್ಲ ಕೊಡದಿದ್ದರೆ ಹೆಜ್ಜೆ ಮುಂದಕ್ಕಿಲ್ಲ," ಎಂದರು ಕ್ಯಾಪ್ಟನ್.

ಕೆಂಪಣ್ಣನಿಗೆ ತಡೆಯಲಾಗಲಿಲ್ಲ. "ಸಾರ್, ನಮ್ ಬೆಲ್ಲ ತಿಂದೋರಲ್ಲಿ ಒಬ್ರನ್ನಾದ್ರೂ ಇಲ್ಲಿಗ್ ಕಳಿಸ್ಕೊಡಿ. ಹಾರ ಹಾಕಿ ಮೆರವಣಿಗೆ ಮಾಡ್ತೀವಿ. ನಮ್ಮನೇಲೇ ಇರ್ಲಿ, ಮಗನಂಗೆ ನೋಡ್ಕೋತೀವಿ."

ಕ್ಯಾಪ್ಟನ್ ಅವನನ್ನೇ ದಿಟ್ಟಿಸಿದರು. "ಮನೆಯೊಳಗಾ?"

ಶಿವಲಿಂಗಯ್ಯನಿಗೆ ತೊಣ್ಣೂರು ಕೆರೆ ತುಳುಕುವಂಥ ಕೆಮ್ಮು ಬಂತು. "ಸಾರ್, ಎಳನೀರು!" ಎಂದು ಅವರನ್ನು ಪಕ್ಕಕ್ಕೆ ಕರೆದೊಯ್ದು ಏನೋ ಪಿಸುಗುಟ್ಟಿದ. ಇಬ್ಬರೂ ನಕ್ಕರು. ಮುಗೀತು ನನ್ನ ಕಥೆ, ಎಂದುಕೊಂಡ ಕೆಂಪಣ್ಣ.

ಮರಳಿ ಬಂದ ಕ್ಯಾಪ್ಟನ್ ಒಂದು ಅಚ್ಚು ಬೆಲ್ಲವನ್ನು ಒತ್ತಿ ನೋಡಿದರು. "ಸ್ವಲ್ಪ ಮೆತ್ತಗಿದೆಯಲ್ಲ?"

ಕೆಂಪಣ್ಣ ಇನ್ನೊಂದು ಅಚ್ಚು ತಂದು ಮುಂದೆ ಹಿಡಿದ.

"ಪಾಸ್ ಮಾಡಿ ಸಾರ್," ಎಂದ ಶಿವಲಿಂಗಯ್ಯ. "ಮುಂದಿನ ಪಾಕ ನಾನೇ ನಿಂತು ಗಟ್ಟಿ ಮಾಡಿಸ್ತೀನಿ. ಬೇಕಾದ್ರೆ ನನ್ ಪಾಲಲ್ಲಿ ಅರ್ಧ ನಮ್ ಬಾವನಿಗೇ ಓಗ್ಲಿ."

ಕೆಂಪಣ್ಣನ ಅನುಮಾನ ಆ ಕ್ಷಣಕ್ಕೆ ಆನೆಯಷ್ಟಿದ್ದದ್ದು ಬೆಟ್ಟದಷ್ಟಾಯಿತು.

ಆದರೆ ಹದಿನೈದನೇ ದಿನಕ್ಕೆ ಆರ್ಡರ್ ಬಂದೇಬಂತು. ಇಂಗ್ಲಿಷಿನಲ್ಲಿ ನಾಲ್ಕು ಹಾಳೆ. ಮೊದಲ ಹಾಳೆಯ ಮೊಹರು ನೋಡಿಯೇ ಕೆಂಪಣ್ಣ ಗಳಗಳ ಅತ್ತ. ಮಿಕ್ಕ ಮೂರು ಯಾರಿಗೆ ಬೇಕು? ನಾಲ್ಕು ತಾಲ್ಲೂಕಿನ ಜನ ಉಂಡು ತೇಗಿದರು. ಮೈಕು ಹಿಡಿದು ಅವನು ಮಾಡಿದ ಭಾಷಣ ಗಡಿಯಾಚೆಗೂ ಕೇಳಿಸಿರಬೇಕು: "ಇನ್ಮೇಲೆ ನಮ್ಮ ವೀರಯೋಧರ ಮೈಯಲ್ಲಿ ಓಡಾಡೋದು ತೊಣ್ಣೂರ್ ಬೆಲ್ಲ!"

ಮಾರನೆಯ ದಿನ ಪುಟ್ಟತಾಯಮ್ಮನನ್ನು ಮುಂದಿಟ್ಟುಕೊಂಡು, ಆರ್ಡರನ್ನು ಜೇಬಿನಲ್ಲಿಟ್ಟುಕೊಂಡು, ಹನ್ನೆರಡು ವರ್ಷದ ಮೇಲೆ ಭಾವನ ಹೊಸ್ತಿಲು ದಾಟಿದ. ಹೆಂಗಸರು ಅಡುಗೆಮನೆಗೆ ಹೋದರು. ಕೆಂಪಣ್ಣ ಎದೆಯುಬ್ಬಿಸಿ ಕೂತ.

"ಈಗ್ ನಿಜ ಯೋಳು ಬಾವ. ನನ್ನ ಯಾಕೆ ಪಾಸ್ ಮಾಡ್ಸ್ದೆ?"

ಶಿವಲಿಂಗಯ್ಯ ಎದ್ದು ಬಾಗಿಲು ಮುಚ್ಚಿದ. ಆರ್ಡರ್ ಇಸಿದುಕೊಂಡು ಮೂರನೇ ಹಾಳೆ ತೆರೆದು, ಒಂದು ಸಾಲಿನ ಮೇಲೆ ಬೆರಳಿಟ್ಟು, ಕಿವಿಯ ಹತ್ತಿರ ಬಾಗಿದ.

"ಬೆಲ್ಲ ತಿನ್ನೋದು ಸಿಪಾಯಿಗಳಲ್ಲ ಬಾವ, ಬೆಟ್ಟಕ್ಕೆ ಸಾಮಾನು ಹೊರೋ ಹೇಸರಗತ್ತೆಗಳು; ಜಂಬ ಕೊಚ್ಚಿದ್ಮೇಲೆ ಗೊತ್ತಾಗಿ, ಇಷ್ಟ್ ವರ್ಷ ಒಬ್ನೇ ಹೊಟ್ಟೇಲಿಟ್ಕೊಂಡಿದ್ದೆ. ಸದ್ಯ, ನೀನೂ ಮೈಕಲ್ಲಿ ಯೋಳ್ಬುಟ್ಟೆ!"