ಹಳದಿಗೆ ತಿರುಗದ ಸೀಸೆ

ಹೊಸ ಹುಡುಗಿಯ ಮೂರು ಸೀಸೆಗಳಲ್ಲಿ ಎರಡು ಹಳದಿಗೆ ತಿರುಗಿದವು, ಮೂರನೆಯದು ಜಪ್ಪಯ್ಯ ಅಂದರೂ ತಿರುಗಲಿಲ್ಲ. ಪ್ರಯೋಗಾಲಯದ ಹಿರಿಯ ಸಂಶೋಧಕಿಯ ಹೊಟ್ಟೆ ತಣ್ಣಗಾಯಿತು. ನಿನ್ನೆ ಅದಕ್ಕೆ ಒಂದು ಚಮಚ ಗ್ಲೂಕೋಸ್ ಸುರಿದವಳು ಅವಳೇ. ಬಾಗಿಲ ಬಳಿ ಹೆಜ್ಜೆ ಸಪ್ಪಳ ಕೇಳದಿದ್ದರೆ ಉಳಿದೆರಡಕ್ಕೂ ಸುರಿದಿರುತ್ತಿದ್ದಳು. ಸೀಸೆಯೊಳಗಿನ ಬ್ಯಾಕ್ಟೀರಿಯಾಗಳಿಗೆ ಹಾಲಿನ ಸಕ್ಕರೆಯನ್ನಷ್ಟೇ ಕೊಟ್ಟರೆ ಅವು ಅದನ್ನು ಒಡೆಯುವ ಕಿಣ್ವವನ್ನು ತಯಾರಿಸುತ್ತವೆ, ಹಳದಿ ಬಣ್ಣ ಬರುತ್ತದೆ. ಜೊತೆಗೆ ಗ್ಲೂಕೋಸ್ ಸಿಕ್ಕಿತೋ, ಹಾಲಿನ ಸಕ್ಕರೆಯನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಈ ಹುಡುಗಿ ಬಂದ ಮೇಲೆ ಪ್ರೊಫೆಸರ್ ಹಿರಿಯವಳನ್ನು ನೋಡದ ಹಾಗೆ.

"ಅರೆ, ಇದಕ್ಕೆ ಗ್ಲೂಕೋಸ್ ಹಾಕಿ ಇಟ್ಟಿದ್ದೀಯಾ!" ಪ್ರೊಫೆಸರ್ ಹುಡುಗಿಗೆ ಹೇಳುತ್ತಾ ಆ ಸೀಸೆಯನ್ನೇ ಬೆಳಕಿಗೆ ಹಿಡಿದರು. "ಹೋಲಿಸಿ ನೋಡೋಕೆ ಇಂಥದ್ದೊಂದು ಬೇಕೇ ಬೇಕಿತ್ತು. ಭೇಷ್!"

ತಣ್ಣಗಾಗಿದ್ದ ಹೊಟ್ಟೆಗೆ ಮತ್ತೆ ಬೆಂಕಿ ಬಿತ್ತು.

"ನಾನು ಮರೆತೇಬಿಟ್ಟಿದ್ದೆ ಸರ್. ಅಕ್ಕ ನೆನಪಿಟ್ಟು ಹಾಕಿದ್ರು. ನಿನ್ನೆ ಬಾಗಿಲಲ್ಲಿ ನಿಂತು ನಾನೇ ನೋಡ್ದೆ," ಎಂದಳು ಹುಡುಗಿ. ಒಂದು ಗಳಿಗೆ ಹಿರಿಯವಳ ಮುಖವನ್ನು ನೇರವಾಗಿ ನೋಡಿ ಮೆಲ್ಲಗೆ ಕಣ್ಣು ತಗ್ಗಿಸಿದಳು. ಅವಳಿಗೆ ಎಲ್ಲ ಗೊತ್ತಿತ್ತು.

ಪ್ರೊಫೆಸರ್ ಹಿರಿಯವಳ ಕಡೆ ತಿರುಗಿ ನಕ್ಕರು. ಎಷ್ಟೋ ತಿಂಗಳಿಂದ ಅವಳು ಹಂಬಲಿಸಿದ್ದ ನಗು ಅದು. ಕೋಟಿನ ಜೇಬಿನೊಳಗೆ ಅವಳ ಮುಷ್ಟಿ ನಿನ್ನೆಯ ಚಮಚವನ್ನು ಬಿಗಿಯಾಗಿ ಹಿಡಿಯಿತು. ಹಾಳಾದವಳು, ಒಳ್ಳೆಯತನದಲ್ಲೂ ನನಗಿಂತ ಮುಂದೆ!