ಕೋರಂ ಗಂಟೆ

ಹೆಣ್ಣುಮಕ್ಕಳ ಹಾಸ್ಟೆಲ್‌ಗಳ ಅನುದಾನವನ್ನು ಹಣಕಾಸು ಮಂತ್ರಿಗಳ ಸ್ವಂತ ಟ್ರಸ್ಟಿಗೆ ತಿರುಗಿಸಿದ ಬಜೆಟ್ ಅದು. ಚರ್ಚೆಯೇ ಇಲ್ಲದೆ ಅದನ್ನು ಮತಕ್ಕೆ ಹಾಕಲು ಹೊರಟಾಗ ನಮ್ಮ ವಿರೋಧ ಪಕ್ಷದ ನಾಯಕರು ಮೇಜು ಗುದ್ದಿ ಎದ್ದರು.

"ಈ ಪಾಪದಲ್ಲಿ ನಾವು ಕೂರೋದಿಲ್ಲ. ಸಭಾತ್ಯಾಗ."

ನಮ್ಮವರೆಲ್ಲ ಅವರ ಹಿಂದೆ ನಡೆದರು.

"ನೀನೂ ಬಾರಮ್ಮ," ಎಂದರು ನಾಯಕರು.

"ನೀವು ನಡೀರಿ ಅಣ್ಣ, ಬಂದೆ," ಎಂದೆ. ಏಳಲಿಲ್ಲ. ನಾವು ಹೊರಗೆ ಹೋದರೆ, ಇನ್ನು ವಿರೋಧಿಸುವವರೇ ಇಲ್ಲವೆಂದು ಆಡಳಿತ ಪಕ್ಷದವರೂ ನಿಶ್ಚಿಂತೆಯಿಂದ ಊಟಕ್ಕೆ ಏಳುವುದು ರೂಢಿ. ಅವತ್ತೂ ಎದ್ದರು.

ಮಂತ್ರಿಗಳು ನಕ್ಕರು. "ಏನಕ್ಕಾ, ಬಾಗಿಲು ಎಲ್ಲಿದೆ ಅಂತ ಮರೆತುಹೋಯ್ತಾ?"

ಎದ್ದು ನಿಂತೆ. "ಸಭಾಧ್ಯಕ್ಷರೇ, ಕೋರಂ ಇಲ್ಲ. ಇಷ್ಟೇ ಸದಸ್ಯರನ್ನು ಇಟ್ಟುಕೊಂಡು ಮತಕ್ಕೆ ಹಾಕುವಂತಿಲ್ಲ."

ಮಂತ್ರಿಗಳ ನಗು ನಿಂತಿತು. ಸಭಾಧ್ಯಕ್ಷರು ತಲೆ ಎಣಿಸಿ, ಗಂಟೆ ಬಾರಿಸಲು ಹೇಳಿದರು. ಗಂಟೆ ನಿಲ್ಲುವಷ್ಟರಲ್ಲಿ ಸಂಖ್ಯೆ ತುಂಬದಿದ್ದರೆ ಸದನವನ್ನು ನಾಳೆಗೆ ಮುಂದೂಡಬೇಕು. ಅಷ್ಟರಲ್ಲಿ ಟ್ರಸ್ಟಿನ ವಿಷಯ ಎಲ್ಲ ಪೇಪರಿನಲ್ಲೂ ಬಂದಿರುತ್ತದೆ, ಚರ್ಚೆ ತಪ್ಪಿಸಿಕೊಳ್ಳಲಾಗದು.

ಕ್ಯಾಂಟೀನಿನಿಂದ ಕೈ ಒರೆಸುತ್ತ ಒಬ್ಬೊಬ್ಬರೇ ಓಡಿಬಂದರು.

"ಇನ್ನೊಬ್ಬರು ಬೇಕು," ಎಂದರು ಸಭಾಧ್ಯಕ್ಷರು.

ಮಂತ್ರಿಗಳು ಮೇಜಿನ ಕೆಳಗೆ ಫೋನಿನಲ್ಲಿ ಏನೋ ಒತ್ತಿದರು. ನಾನು ಬಾಗಿಲನ್ನೇ ನೋಡುತ್ತಿದ್ದೆ. ಯಾರೂ ಬರಲಿಲ್ಲ. ಗಂಟೆ ಇನ್ನೇನು ನಿಲ್ಲಬೇಕು, ಬಾಗಿಲು ತೆರೆಯಿತು.

ಏದುಸಿರು ಬಿಡುತ್ತ ಒಳಗೆ ಬಂದ ನಮ್ಮ ನಾಯಕರು, ನನ್ನ ಕಡೆ ನೋಡದೆ, ತಮ್ಮ ಸೀಟಿನಲ್ಲಿ ಕೂತರು.