ಮೇಜಿನ ಮೇಲಿನ ಸ್ಟೇಷನ್

ನಿವೃತ್ತರು ಬಯಸಿದರೆ ಬೆರಳುದ್ದವಾಗಬಹುದು ಎಂಬ ಸೌಲಭ್ಯ ಬಂದ ವರ್ಷವೇ ರೈಲ್ವೆ ಗಾರ್ಡ್ ಚನ್ನವೀರಪ್ಪ ಅರ್ಜಿ ಹಾಕಿ ಚಿಕ್ಕವರಾದರು. ತಾವೇ ಮೇಜಿನ ಮೇಲೆ ಕಟ್ಟಿದ್ದ ಆಟಿಕೆ ರೈಲಿನ ಊರಿಗೆ ವಾಸಕ್ಕೆ ಹೋದರು. ತನ್ನನ್ನು ಒಂದು ಮಾತೂ ಕೇಳಲಿಲ್ಲವೆಂದು ಹೆಂಡತಿ ನೀಲವ್ವ ಎರಡು ವರ್ಷ ಆ ಕೋಣೆಗೆ ಕಾಲಿಡಲಿಲ್ಲ.

ಒಂದು ಬೆಳಿಗ್ಗೆ ಮಗಳು ಅನ್ನಪೂರ್ಣಾ ಅಪ್ಪನ ಊರಿನ ವಿಡಿಯೊ ಮಾಡಲೆಂದು ಎಂಜಿನ್ನಿನ ಮೂತಿಗೆ ಅಕ್ಕಿಕಾಳಿನಷ್ಟು ಕ್ಯಾಮೆರಾ ಅಂಟಿಸಿ ಗಾಡಿ ಬಿಟ್ಟಳು. ಸುರಂಗ, ಸೇತುವೆ, ಪಾಚಿಯ ಹೊಲಗಳು ಅಡುಗೆಮನೆಯ ಟಿವಿಯಲ್ಲಿ ಸರಿದವು. ರೊಟ್ಟಿ ಬಡಿಯುತ್ತಿದ್ದ ನೀಲವ್ವ ತಲೆ ಎತ್ತಲಿಲ್ಲ. ಗಾಡಿ ಸ್ಟೇಷನ್ನಿನಲ್ಲಿ ನಿಂತಾಗ ಚನ್ನವೀರಪ್ಪನವರ ಮುಖ ಮೊದಲಿನಷ್ಟೇ ದೊಡ್ಡದಾಗಿ ಪರದೆಯ ಮೇಲೆ ಕಂಡಿತು.

"ಅವ್ವಾ, ಅಪ್ಪ ಏನೋ ಹೇಳಾಕತ್ತಾನ ನೋಡು," ಎಂದಳು ಅನ್ನಪೂರ್ಣಾ.

"ನೀಲಾ, ತಪ್ಪಾತು. ನಿನ್ನ ಕೇಳಬೇಕಿತ್ತು," ಎಂದರು ಅವರು. "ಇಲ್ಲಿ ಎಲ್ಲಾ ಐತಿ, ಮಾತಾಡಾಕ ಯಾರೂ ಇಲ್ಲ."

ನೀಲವ್ವ ಹಿಟ್ಟಿನ ಕೈಯಲ್ಲೇ ಎದ್ದು ಹೋಗಿ ಮೇಜಿನ ಅಂಚಿಗೆ ಕೆನ್ನೆಯಿಟ್ಟಳು. ಅವಳ ಉಸಿರಿಗೆ ಅವರ ಟೊಪ್ಪಿಗೆ ಹಾರಿ ಹಳಿಯ ಮೇಲೆ ಬಿತ್ತು.

"ನಾ ಸಣ್ಣಾಕಿ ಆಗಂಗಿಲ್ಲರಿ," ಎಂದು ಮೆಲ್ಲಗೆ ಹೇಳಿದಳು. "ಆದ್ರ ದಿನಾ ಮುಂಜಾನೆ ಬಂದು ಇಲ್ಲೇ ಕುಂಡ್ರತೀನಿ."